ಸಜ್ಜೆ, ಕೆನೆ ಮೊಸರು, ಬೆಲ್ಲ: ಮನೆಯ ಹಾಲು ಮನೆಗೂ ಸಿಗಲಿ



ಇಂದು ಬೆಳಿಗ್ಗೆ ಸಂಘಕ್ಕೆ ಎಷ್ಟು ಲೀಟರ್ ಹಾಲು ಹಾಕಿದಿರಿ ಎಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಬಂತು ಎಂಬುದೂ ನೆನಪಿರುತ್ತದೆ. ಆದರೆ ಮನೆಗೆ ಎಷ್ಟು ಉಳಿಸಿಕೊಂಡಿರಿ ಎಂದು ಕೇಳಿದರೆ? ಬಹಳ ಮನೆಗಳಲ್ಲಿ ಉತ್ತರ ಒಂದೇ: ‘ಚಹಾಕ್ಕೆ ಆಗುವಷ್ಟು.’

ಹಾಲಿನ ಬಟವಾಡೆ ಬಂದರೆ ಕಿರಾಣಿ ಬಾಕಿ, ಮಕ್ಕಳ ಫೀಸು, ಹಿಂಡಿ-ಬೂಸಾದ ಖರ್ಚು ತೀರುತ್ತದೆ ಎಂಬುದು ನಿಜ. ಆದರೆ ಹಸು ಕಟ್ಟಿದ ಮನೆಯ ಮಗುವೇ ಒಂದು ಬಟ್ಟಲು ಮೊಸರು ಕಾಣದಿದ್ದರೆ, ಆ ಲೆಕ್ಕದಲ್ಲಿ ಏನೋ ತಪ್ಪಿದೆ. ಹಾಲು ಒಕ್ಕೂಟದ ಪತ್ರಿಕೆಯೇ ‘ಸ್ವಲ್ಪ ಹಾಲು ಮನೆಗೂ ಇಟ್ಟುಕೊಳ್ಳಿ’ ಎನ್ನುತ್ತಿದೆ ಎಂದು ಅಚ್ಚರಿಪಡಬೇಡಿ. ಗಟ್ಟಿಮುಟ್ಟಾದ ಮನೆಯಿಂದಲೇ ಗಟ್ಟಿ ಹಾಲು ಬರುವುದು.

ಸುಮ್ಮನೆ ‘ಹಾಲು ಕುಡಿಯಿರಿ’ ಎಂದರೆ ಯಾರೂ ಕೇಳುವುದಿಲ್ಲ. ಅದಕ್ಕೆಂದೇ ಈ ಸಲ ನಮ್ಮ ಹೊಲದ ಸಜ್ಜೆ, ನಮ್ಮ ಕೊಟ್ಟಿಗೆಯ ಹಾಲು, ನಮ್ಮ ಸಂತೆಯ ಬೆಲ್ಲ ಸೇರಿಸಿ ಮಾಡುವ ಒಂದು ತಂಪು ಸಿಹಿಯನ್ನು ವಿವರವಾಗಿ ಹೇಳುತ್ತಿದ್ದೇವೆ. ಬೇಸಿಗೆಯಲ್ಲಿ ಮಕ್ಕಳು ಕೇಳಿ ತಿನ್ನುವಂಥದ್ದು. ಈ ತಿನಿಸಿನ ತವರು ಮಾತ್ರ ಬಹಳ ದೂರ, ಪಶ್ಚಿಮ ಆಫ್ರಿಕಾದಲ್ಲಿದೆ.

ಸಜ್ಜೆ ಬಂದದ್ದು ಎಲ್ಲಿಂದ?

ನಾವು ಸಜ್ಜೆಯನ್ನು ನಮ್ಮದೇ ಕಾಳು ಎಂದುಕೊಂಡಿದ್ದೇವೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇಲ್ಲದಿದ್ದರೆ ಹಬ್ಬವೇ ಅಲ್ಲ. ಆದರೆ ಈ ಕಾಳನ್ನು ಮೊದಲು ಕೃಷಿಗೆ ತಂದವರು ಪಶ್ಚಿಮ ಆಫ್ರಿಕಾದವರು. ಈಗಿನ ಮಾಲಿ ದೇಶದ ಸುತ್ತಮುತ್ತ, ಸುಮಾರು 4,500 ವರ್ಷಗಳ ಹಿಂದೆ. ಅಲ್ಲಿಂದ ಅದು ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ದೇಶಕ್ಕೆ ಬಂದು ಒಣಭೂಮಿಯಲ್ಲಿ ಬೇರೂರಿತು. ಮಳೆ ಕೈಕೊಟ್ಟರೂ ಇಷ್ಟಾದರೂ ಕೊಡುವ ಬೆಳೆ ಅದು. ಅದರ ದಂಟು ದನಕ್ಕೆ ಮೇವೂ ಹೌದು.

ಸಜ್ಜೆ ಬರುವ ಮೊದಲೇ ನಮ್ಮ ಭಾಗದವರು ದನ ಸಾಕಿ, ಕಿರುಧಾನ್ಯ ಉಣ್ಣುತ್ತಿದ್ದರು. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಸಿಗುವ ಕುಡತಿನಿಯ ಬೂದಿದಿಬ್ಬವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದು ನವಶಿಲಾಯುಗದ ಜನ ದನ ಕೂಡಿಹಾಕುತ್ತಿದ್ದ ದೊಡ್ಡಿಯ ಸಗಣಿ ಸುಟ್ಟು ಉಳಿದ ಬೂದಿ. ಇಂಥ ದಿಬ್ಬಗಳು ದನದ ದೊಡ್ಡಿಗಳೇ ಎಂಬುದನ್ನು ಪುರಾತತ್ವಜ್ಞ ಆಲ್ಚಿನ್ ಅವರು 1963ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಉತ್ಖನನದಲ್ಲಿ ಅದೇ ಕಾಲದ ಕೊರಲೆ, ಹುರುಳಿ, ಹೆಸರು ಕಾಳುಗಳು ಸಿಕ್ಕಿವೆ. ದನ ಮತ್ತು ಕಿರುಧಾನ್ಯದ ಜೋಡಿ ಈ ನೆಲಕ್ಕೆ ಹೊಸದಲ್ಲ.

ಅವರ ‘ದೆಗೆ’, ನಮ್ಮ ನುಚ್ಚು-ಮಜ್ಜಿಗೆ

ಸೆನೆಗಲ್, ಮಾಲಿ, ನೈಜರ್, ಉತ್ತರ ನೈಜೀರಿಯಾ ದೇಶಗಳಲ್ಲಿ ಫುಲಾನಿ ಎಂಬ ದನಗಾಹಿ ಸಮುದಾಯವಿದೆ. ದನ ಮೇಯಿಸುವುದು ಗಂಡಸರ ಕೆಲಸ. ಹಾಲನ್ನು ಹೆಪ್ಪುಗಟ್ಟಿಸಿ, ಸೋರೆಬುರುಡೆಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಸಂತೆಯಲ್ಲಿ ಮಾರುವುದು ಹೆಂಗಸರ ಕೆಲಸ. ನೈಜೀರಿಯಾದ ಹೌಸಾ ಭಾಷೆಯಲ್ಲಿ ‘ಫುರಾ ದ ನೋನೋ’ ಎಂದರೆ ಸಜ್ಜೆ ಉಂಡೆ ಮತ್ತು ಹುಳಿಹಾಲು. ಉಂಡೆಯನ್ನು ಮೊಸರಿನಲ್ಲಿ ಕಿವುಚಿ ಕುಡಿಯುತ್ತಾರೆ. ಮಾಲಿಯಲ್ಲಿ ‘ದೆಗೆ’, ಸೆನೆಗಲ್‌ನಲ್ಲಿ ‘ತಿಯಾಕ್ರಿ’ ಎನ್ನುವುದು ಸಿಹಿ ತಿನಿಸು: ಸಜ್ಜೆ ಹಿಟ್ಟಿಗೆ ನೀರು ಚಿಮುಕಿಸಿ, ಕೈಯಲ್ಲಿ ಹೊಸೆದು ಸಣ್ಣ ಕಾಳು ಮಾಡಿ, ಹಬೆಯಲ್ಲಿ ಬೇಯಿಸಿ, ಆರಿಸಿ, ಸಕ್ಕರೆ ಹಾಕಿದ ಗಟ್ಟಿ ಮೊಸರಿನಲ್ಲಿ ಕಲಸುತ್ತಾರೆ. ಮೇಲೆ ಜಾಜಿಕಾಯಿ, ಒಣದ್ರಾಕ್ಷಿ. ಸೆನೆಗಲ್‌ನಲ್ಲಿ ಮಗುವಿಗೆ ಹೆಸರಿಡುವ ದಿನ ಸಜ್ಜೆ ಗಂಜಿಗೆ ಹುಳಿಹಾಲು ಸುರಿದು ಬಂದವರಿಗೆಲ್ಲ ಬಡಿಸುತ್ತಾರೆ.

ಇದನ್ನು ಓದುವಾಗಲೇ ನಿಮಗೆ ನಮ್ಮ ಜೋಳದ ನುಚ್ಚು-ಮಜ್ಜಿಗೆ, ಅಂಬಲಿ, ನವಣೆ ಅನ್ನ-ಮೊಸರು ನೆನಪಾಗಿರಬೇಕು. ಬಿಸಿಲು ನಾಡಿನ ದನಗಾಹಿಗಳು ಎಲ್ಲಿದ್ದರೂ ಕಂಡುಕೊಂಡ ದಾರಿ ಒಂದೇ: ಬೆಂದ ಕಾಳು, ಹೆಪ್ಪಾದ ಹಾಲು.

ಇನ್ನೊಂದು ವಿಷಯ ಗಮನಿಸಿ. ಸೆನೆಗಲ್‌ನ ಪೇಟೆಗಳಲ್ಲಿ ಈ ತಿನಿಸನ್ನು ಈಗ ಬಹುಪಾಲು ಹೊರದೇಶದಿಂದ ತರಿಸಿದ ಹಾಲಿನ ಪುಡಿಯಿಂದಲೇ ಮಾಡುತ್ತಾರೆ. ಹಳ್ಳಿಯಲ್ಲಿ ದನ ಇವೆ, ಆದರೆ ಹಾಲು ಸಂಗ್ರಹಿಸಿ ಪೇಟೆಗೆ ಮುಟ್ಟಿಸುವ ವ್ಯವಸ್ಥೆ ಕಡಿಮೆ. 2006ರಲ್ಲಿ ಅಲ್ಲಿನ ಒಬ್ಬ ಪಶುವೈದ್ಯರು ರಿಶಾರ್-ತೋಲ್ ಎಂಬ ಊರಿನಲ್ಲಿ ಡೇರಿ ಕಟ್ಟಿ, ಫುಲಾನಿ ದನಗಾಹಿಗಳ ಹಾಲನ್ನು ಕೊಳ್ಳತೊಡಗಿದ್ದು ಅಲ್ಲಿ ದೊಡ್ಡ ಸುದ್ದಿಯಾಯಿತು. ಊರಿಗೊಂದು ಸಂಘ, ದಿನಕ್ಕೆರಡು ಹೊತ್ತು ಅಳತೆ ಎಂಬುದು ನಮಗೆ ರೂಢಿಯಾಗಿ ಹೋಗಿದೆ. ಅವರಿಗಿಲ್ಲದ ಮಾರುಕಟ್ಟೆ ನಮಗಿದೆ. ಆದರೆ ಅವರ ಮನೆಯ ಬಟ್ಟಲಿನಲ್ಲಿ ಇರುವ ಮೊಸರು ನಮ್ಮಲ್ಲಿ ಕಡಿಮೆಯಾಗಬಾರದಲ್ಲವೇ?

ಕಾಳು ಮತ್ತು ಹಾಲು ಏಕೆ ಜೊತೆಯಾಗಬೇಕು?

100 ಗ್ರಾಂ ಸಜ್ಜೆಯಲ್ಲಿ ಸುಮಾರು 11 ಗ್ರಾಂ ಪ್ರೋಟೀನ್, ಸುಮಾರು 6 ಮಿಲಿಗ್ರಾಂ ಕಬ್ಬಿಣದಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನ್ 8 ಗ್ರಾಂ ಮಾತ್ರ, ಕಬ್ಬಿಣದಂಶ 1 ಮಿಲಿಗ್ರಾಂ ಕೂಡ ಇಲ್ಲ. ಆದರೆ ಸಜ್ಜೆಯಲ್ಲಿ ಸುಣ್ಣದಂಶ ಕಡಿಮೆ, 30 ಮಿಲಿಗ್ರಾಂ ಒಳಗೆ. ಹಾಲಿನದು ತಿರುವು: 100 ಮಿ.ಲೀ. ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣದಂಶ ಇದೆ, ಕಬ್ಬಿಣದಂಶ ಇಲ್ಲವೆನ್ನುವಷ್ಟು ಕಡಿಮೆ.

ಪ್ರೋಟೀನ್ ವಿಷಯವೂ ಹಾಗೆಯೇ. ದೇಹ ಬೆಳೆಯಲು ಬೇಕಾದ ‘ಲೈಸಿನ್’ ಎಂಬ ಅಂಶ ಸಜ್ಜೆ, ಜೋಳ, ಅಕ್ಕಿಯಂಥ ಕಾಳುಗಳಲ್ಲಿ ಕಡಿಮೆ. ಹಾಲಿನಲ್ಲಿ ಅದು ಧಾರಾಳ. ಎರಡನ್ನೂ ಒಂದೇ ಊಟದಲ್ಲಿ ತಿಂದರೆ ಕಾಳಿನ ಪ್ರೋಟೀನು ಮೈಗೆ ಹೆಚ್ಚು ಹತ್ತುತ್ತದೆ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬುತ್ತದೆ.

ಇದು ನಮ್ಮ ಮನೆಗಳಿಗೆ ಏಕೆ ಮುಖ್ಯ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019-20) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕೂ ಹೆಚ್ಚು ಮಂದಿಗೆ, 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇದೆ. ಅಂದರೆ ಬೆಳಿಗ್ಗೆ ಎದ್ದು ಹಾಲು ಕರೆಯುವ ತಾಯಂದಿರಲ್ಲಿ ಬಹುಶಃ ಅರ್ಧದಷ್ಟು ಮಂದಿ.

ಇಲ್ಲೊಂದು ಎಚ್ಚರಿಕೆಯ ಮಾತು. ಈ ಸಿಹಿ ರಕ್ತಹೀನತೆಗೆ ಔಷಧಿಯಲ್ಲ. ಹಾಲಿನ ಸುಣ್ಣದಂಶ ಕಬ್ಬಿಣದಂಶ ಹೀರುವುದನ್ನು ಸ್ವಲ್ಪ ತಡೆಯುತ್ತದೆ, ಚಹಾ ಇನ್ನೂ ಹೆಚ್ಚು ತಡೆಯುತ್ತದೆ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹಾಲು, ಮೊಸರು, ಚಹಾದ ಜೊತೆ ನುಂಗಬೇಡಿ. ಒಂದೆರಡು ಗಂಟೆ ಅಂತರ ಇರಲಿ. ಮಾತ್ರೆಯ ಜೊತೆ ನಿಂಬೆ ಪಾನಕ, ಪೇರಲ, ನೆಲ್ಲಿಕಾಯಿ ಒಳ್ಳೆಯದು.

ಬೇಕಾಗುವ ಸಾಮಾನು (ಆರು ಜನಕ್ಕೆ)

- ಸಜ್ಜೆ ರವೆ ಅಥವಾ ತರಿ ಹಿಟ್ಟು: 200 ಗ್ರಾಂ
- ಹಾಲು: 1 ಲೀಟರ್ (ಮೊಸರು ಮಾಡಲು)
- ಬೆಲ್ಲ: 150 ಗ್ರಾಂ
- ತುಪ್ಪ: 1 ದೊಡ್ಡ ಚಮಚ
- ಏಲಕ್ಕಿ 3, ಚಿಟಿಕೆ ಜಾಜಿಕಾಯಿ ಪುಡಿ, ಚಿಟಿಕೆ ಉಪ್ಪು
- ಹುರಿದ ಶೇಂಗಾ ಒಂದು ಹಿಡಿ, ಒಣದ್ರಾಕ್ಷಿ ಸ್ವಲ್ಪ
- ಸುಗಂಧಿ ಬಾಳೆಹಣ್ಣು 2 (ಬೇಕಿದ್ದರೆ)

ಮೊದಲ ಹೆಜ್ಜೆ: ಸಜ್ಜೆ ಹಸನು ಮಾಡುವುದು

ಸಜ್ಜೆಯಲ್ಲಿ ಬೇರೆ ಕಾಳುಗಳಿಗಿಂತ ಎಣ್ಣೆಯಂಶ ಹೆಚ್ಚು, 100 ಗ್ರಾಂಗೆ ಸುಮಾರು 5 ಗ್ರಾಂ. ಬೀಸಿದ ಕೂಡಲೇ ಆ ಎಣ್ಣೆ ಕೆಡಲು ಶುರುವಾಗುತ್ತದೆ. ಹಳೆಯ ಸಜ್ಜೆ ಹಿಟ್ಟು ಕಮಟು ವಾಸನೆ, ಕಹಿ ರುಚಿ ಬರುವುದು ಇದಕ್ಕೇ. ‘ಸಜ್ಜೆ ಕಹಿ’ ಎಂದು ಮಕ್ಕಳು ಬಟ್ಟಲು ದೂಡಿದರೆ ತಪ್ಪು ಸಜ್ಜೆಯದಲ್ಲ, ಹಳೆಯ ಹಿಟ್ಟಿನದು. ಒಂದು ವಾರಕ್ಕೆ ಆಗುವಷ್ಟನ್ನೇ ಬೀಸಿಸಿ. ಕಾಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬೀಸಿಸಿದರೆ ಹಿಟ್ಟು ಇನ್ನೂ ಹೆಚ್ಚು ದಿನ ತಡೆಯುತ್ತದೆ. ಗಿರಣಿಯಲ್ಲಿ ರೊಟ್ಟಿಗೆ ಬೀಸುವಷ್ಟು ನುಣ್ಣಗೆ ಬೇಡ, ತರಿ ಇರಲಿ ಎಂದು ಹೇಳಿ.

ಎರಡನೇ ಹೆಜ್ಜೆ: ಗಟ್ಟಿ ಮೊಸರು

1. ಹಾಲನ್ನು ಉಕ್ಕುವವರೆಗೆ ಕಾಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಹಸಿ ಹಾಲಿಗೆ ಎಂದೂ ಹೆಪ್ಪು ಹಾಕಬೇಡಿ. ಕಂದುರೋಗದಂಥ (ಬ್ರುಸೆಲ್ಲೋಸಿಸ್) ರೋಗಗಳು ದನದಿಂದ ಮನುಷ್ಯರಿಗೆ ಹಸಿ ಹಾಲಿನ ಮೂಲಕವೂ ಬರುತ್ತವೆ.
2. ಬೆರಳು ಅದ್ದಿದರೆ ಬೆಚ್ಚಗೆನಿಸಬೇಕು, ಸುಡಬಾರದು. ಆಗ ಒಂದು ಚಮಚ ಹೆಪ್ಪು ಹಾಕಿ ಚೆನ್ನಾಗಿ ಕಲಕಿ ಮುಚ್ಚಿಡಿ.
3. ನಮ್ಮ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆ ದಿನಗಳಲ್ಲಿ ನಾಲ್ಕೈದು ಗಂಟೆಯಲ್ಲೇ ಮೊಸರು ಹೆಪ್ಪಾಗುತ್ತದೆ. ಹೆಪ್ಪಾದ ಕೂಡಲೇ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಡಿ, ಇಲ್ಲದಿದ್ದರೆ ಹುಳಿಯಾಗುತ್ತದೆ.
4. ಆಕಳ ಹಾಲಿನ ಮೊಸರಾದರೆ ತೆಳು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ತೂಗುಹಾಕಿ. ಎಮ್ಮೆ ಹಾಲಿನ ಮೊಸರು ತಾನೇ ಗಟ್ಟಿ ಇರುತ್ತದೆ, ಕಟ್ಟುವ ಅಗತ್ಯವಿಲ್ಲ.
5. ಬಟ್ಟೆಯಿಂದ ಇಳಿದ ತಿಳಿನೀರನ್ನು ಚೆಲ್ಲಬೇಡಿ. ಸುಣ್ಣದಂಶದ ಒಂದು ಪಾಲು ಅದರಲ್ಲಿದೆ. ರೊಟ್ಟಿ ಹಿಟ್ಟು ಕಲಸಲು, ಸಾರಿಗೆ ಹಾಕಲು ಬಳಸಿ.

ಮೂರನೇ ಹೆಜ್ಜೆ: ಕಾಳು ಹೊಸೆದು ಬೇಯಿಸುವುದು

ಅಗಲವಾದ ಪರಾತದಲ್ಲಿ ಸಜ್ಜೆ ರವೆ ಹರಡಿ. ಚಿಟಿಕೆ ಉಪ್ಪು ಹಾಕಿ. ಕೈಯಲ್ಲಿ ನೀರು ಚಿಮುಕಿಸುತ್ತ, ಬೆರಳ ತುದಿಯಿಂದ ವೃತ್ತಾಕಾರವಾಗಿ ಹೊಸೆಯುತ್ತ ಹೋಗಿ. ಒಂದೇ ಸಲ ನೀರು ಸುರಿದರೆ ಮುದ್ದೆಯಾಗುತ್ತದೆ. ಸಾಸಿವೆಯಿಂದ ಸಾಬುದಾನಿ ಗಾತ್ರದವರೆಗಿನ ಕಾಳುಗಳಾದರೆ ಸಾಕು. ಶಾವಿಗೆ ಹೊಸೆದು ರೂಢಿ ಇರುವ ಅಜ್ಜಿ ಮನೆಯಲ್ಲಿದ್ದರೆ ಈ ಕೆಲಸ ಅವರಿಗೆ ಒಪ್ಪಿಸಿ. ಎರಡನೇ ಸಲಕ್ಕೆ ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

ಇಡ್ಲಿ ಪಾತ್ರೆಯ ತಟ್ಟೆಗೆ ಒದ್ದೆ ಬಟ್ಟೆ ಹಾಸಿ, ಕಾಳು ಹರಡಿ 15 ನಿಮಿಷ ಹಬೆಯಲ್ಲಿ ಬೇಯಿಸಿ. ತೆಗೆದು ಪರಾತಕ್ಕೆ ಸುರಿದು, ಗಂಟು ಬಿಡಿಸಿ, ಕಾಲು ಲೋಟ ನೀರು ಚಿಮುಕಿಸಿ, ಮತ್ತೆ 15 ನಿಮಿಷ ಬೇಯಿಸಿ. ಎರಡು ಸಲ ಏಕೆಂದರೆ ಮೊದಲ ಹಬೆಗೆ ಕಾಳಿನ ಹೊರಮೈ ಮಾತ್ರ ಬೇಯುತ್ತದೆ. ಒಳಗೆ ಹಸಿ ಹಿಟ್ಟು ಉಳಿದರೆ ಹೊಟ್ಟೆ ಉಬ್ಬರಿಸುತ್ತದೆ, ರುಚಿಯೂ ಇರುವುದಿಲ್ಲ. ಬಾಯಿಗೆ ಹಾಕಿದರೆ ಮೆತ್ತಗಿದ್ದು ಹಲ್ಲಿಗೆ ಅಂಟದಿದ್ದರೆ ಬೆಂದಿದೆ ಎಂದು ತಿಳಿಯಿರಿ.

*ಹೊಸೆಯಲು ಸಮಯವಿಲ್ಲವೇ?* ಸಜ್ಜೆ ನುಚ್ಚನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒಂದು ಅಳತೆ ನುಚ್ಚಿಗೆ ಮೂರು ಅಳತೆ ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ. ನವಣೆಯಲ್ಲೂ ಹೀಗೆಯೇ ಮಾಡಬಹುದು.

ನಾಲ್ಕನೇ ಹೆಜ್ಜೆ: ಬೆಲ್ಲ ಮತ್ತು ಮೊಸರು ಸೇರಿಸುವುದು

ಬೆಲ್ಲಕ್ಕೆ ನಾಲ್ಕು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಎರಡು ನಿಮಿಷ ಕುದಿಸಿ. ಈ ಪಾಕವನ್ನು ಬಿಸಿ ಇರುವ ಸಜ್ಜೆಗೇ ಹಾಕಿ, ತುಪ್ಪ, ಏಲಕ್ಕಿ, ಜಾಜಿಕಾಯಿ ಸೇರಿಸಿ ಕಲಸಿ. ಬಿಸಿ ಕಾಳು ಪಾಕವನ್ನು ಹೀರಿಕೊಳ್ಳುತ್ತದೆ, ತುಪ್ಪ ಕಾಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಪಾಕವನ್ನು ಮೊಸರಿಗೆ ಹಾಕಿದರೆ ಮೊಸರು ನೀರಾಗುತ್ತದೆ.

ಈಗ ಪೂರ್ತಿ ತಣ್ಣಗಾಗಲು ಬಿಡಿ. ಕೈ ಹಿಂಭಾಗ ತಾಗಿಸಿದರೆ ಬಿಸಿ ತಿಳಿಯಬಾರದು. ಬಿಸಿ ಕಾಳಿಗೆ ಮೊಸರು ಹಾಕಿದರೆ ಒಡೆದು ನೀರು ಬಿಡುತ್ತದೆ. ತಣ್ಣಗಾದ ಮೇಲೆ ಗಟ್ಟಿ ಮೊಸರನ್ನು ಮೆಲ್ಲಗೆ ಕಲಸಿ ಅರ್ಧ ಗಂಟೆ ಬಿಡಿ. ಕಾಳು ಇನ್ನಷ್ಟು ಮೊಸರು ಹೀರಿ ತಿನಿಸು ಕೆನೆಯಂತೆ ಆಗುತ್ತದೆ. ಹೆಚ್ಚು ಗಟ್ಟಿಯೆನಿಸಿದರೆ ಕಾಯಿಸಿ ಆರಿಸಿದ ಹಾಲು ಸ್ವಲ್ಪ ಸೇರಿಸಿ. ಬಡಿಸುವಾಗ ಶೇಂಗಾ, ದ್ರಾಕ್ಷಿ, ಬಾಳೆಹಣ್ಣು ಹಾಕಿ.

ಬೆಲ್ಲದ ಪಾಯಸ ಮಾಡುವಾಗ ಹಾಲು ಒಡೆದು ಹೋಗುವ ಅನುಭವ ಎಲ್ಲರಿಗೂ ಇದೆ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ. ಕುದಿಯುವ ಹಾಲಿಗೆ ಅದು ಬಿದ್ದರೆ ಹಾಲು ಒಡೆಯುತ್ತದೆ. ಈ ತಿನಿಸಿನಲ್ಲಿ ಆ ಭಯವಿಲ್ಲ. ಮೊಸರು ಮೊದಲೇ ಹೆಪ್ಪಾಗಿದೆ, ಎರಡೂ ತಣ್ಣಗಿವೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ ಬೇಡ. ಅವರ ಪಾಲನ್ನು ಮೊದಲೇ ತೆಗೆದಿಟ್ಟು, ಮೊಸರು, ಉಪ್ಪು ಕಲಸಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಡಿ.

ಯಾವ ಹಾಲು ಮನೆಗೂ ಬೇಡ

ಕೆಚ್ಚಲು ಬಾವಿಗೆ ಔಷಧಿ ಹಾಕಿಸಿದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಸಂಘಕ್ಕೂ ಹಾಕಬಾರದು, ಮನೆಗೂ ಬಳಸಬಾರದು. ‘ಸಂಘಕ್ಕೆ ಬೇಡವೆಂದರೆ ಮನೆಗಿರಲಿ’ ಎನ್ನುವುದು ನಿಮ್ಮ ಮಕ್ಕಳಿಗೇ ಮಾಡುವ ಅನ್ಯಾಯ. ಆ ಹಾಲಿನಲ್ಲಿರುವ ಆ್ಯಂಟಿಬಯೋಟಿಕ್ ಹೆಪ್ಪಿನ ಒಳ್ಳೆಯ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ. ಹೆಪ್ಪು, ಬಿಸಿ ಎರಡೂ ಸರಿಯಿದ್ದೂ ಮೊಸರು ಆಗಲಿಲ್ಲವೆಂದರೆ ಔಷಧಿಯ ಅಂಶ ಇರಬಹುದೆಂದು ಸಂಶಯಪಡಿ. ಸೋಪಿನ ಪುಡಿಯಲ್ಲಿ ತೊಳೆದ ಪಾತ್ರೆ ಸರಿಯಾಗಿ ಜಾಲಿಸದಿದ್ದರೂ ಹೀಗಾಗುತ್ತದೆ. ಮನೆಯ ಹೆಪ್ಪು ನಿಮ್ಮ ಕೈಯಲ್ಲೇ ಇರುವ ಪರೀಕ್ಷೆ.

ಎಷ್ಟು ಹಾಲು ಉಳಿಸಬೇಕು?

ವಯಸ್ಕರೊಬ್ಬರಿಗೆ ದಿನಕ್ಕೆ 300 ಮಿ.ಲೀ. ಹಾಲು ಅಥವಾ ಅಷ್ಟು ಮೊಸರು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ನಮ್ಮ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು ಸಿಗುತ್ತದೆ. ಅದು ನಿಮ್ಮದೇ ಹಾಲು, ಪುಡಿಯಾಗಿ ಹೋಗಿ ಲೋಟವಾಗಿ ಮರಳಿದ್ದು. ಆದರೆ ಭಾನುವಾರ ಶಾಲೆಯಿಲ್ಲ, ಬೇಸಿಗೆ ರಜೆಯಲ್ಲಿ ಶಾಲೆಯಿಲ್ಲ. ಮನೆಯಲ್ಲಿರುವ ಬಸುರಿ, ಬಾಣಂತಿ, ಮುದುಕರಿಗಂತೂ ಶಾಲೆಯ ಹಾಲು ಎಟುಕುವುದೇ ಇಲ್ಲ.

ಪೂರ್ತಿ ಲೆಕ್ಕಕ್ಕೆ ಹೊಂದಿಸುವುದು ಎಲ್ಲರಿಗೂ ಸಾಧ್ಯವಿಲ್ಲ ಎಂಬುದು ನಮಗೆ ಗೊತ್ತು. ಆರಂಭಕ್ಕೆ ಹೀಗೆ ಮಾಡಿ ನೋಡಿ. ಚಹಾದ ಹಾಲು ಬಿಟ್ಟು ದಿನಕ್ಕೆ ಅರ್ಧ ಲೀಟರ್ ಮೊಸರಿಗೆ ಎತ್ತಿಡಿ. ನಿಮ್ಮ ಪಾಸ್‌ಬುಕ್ಕಿನಲ್ಲಿರುವ ದರದಿಂದ ತಿಂಗಳ 15 ಲೀಟರ್‌ಗೆ ಎಷ್ಟಾಗುತ್ತದೆ ಎಂದು ಗುಣಿಸಿ. ಅದರ ಪಕ್ಕದಲ್ಲಿ, ಅದೇ ತಿಂಗಳು ಬಿಸ್ಕತ್ತು, ಕುರುಕಲು, ತಂಪು ಪಾನೀಯಕ್ಕೆ ಅಂಗಡಿಗೆ ಕೊಟ್ಟ ದುಡ್ಡನ್ನು ಬರೆಯಿರಿ. ಎರಡು ಸಂಖ್ಯೆಗಳನ್ನು ಮನೆಯವರೆಲ್ಲ ಕೂತು ನೋಡಿ ತೀರ್ಮಾನಿಸಿ.

ಹಾಲು ಎತ್ತಿಡುವಾಗ ಒಂದು ಮಾತು: ಹಾಲು ಅಳೆದು ಮನೆಗೆ ಎತ್ತಿಟ್ಟ ಮೇಲೆ ಉಳಿದದ್ದನ್ನು ಸಂಘಕ್ಕೆ ಒಯ್ಯಿರಿ. ಎತ್ತಿಟ್ಟಷ್ಟು ನೀರನ್ನು ಕ್ಯಾನಿಗೆ ಸೇರಿಸಿದರೆ ಎಸ್‌ಎನ್‌ಎಫ್ ಇಳಿದು ನಿಮಗೇ ನಷ್ಟ, ಸಂಘದ ಹೆಸರಿಗೂ ಕಳಂಕ.

ಮಾರುವ ಯೋಚನೆ ಇದ್ದರೆ

ಹಂಪಿಗೆ ಬರುವ ಪ್ರವಾಸಿಗರು ಇಲ್ಲಿನ ಊಟ ಹುಡುಕುತ್ತಾರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಸಜ್ಜೆ, ನವಣೆಯ ಹೆಸರು ಪೇಟೆಯವರಿಗೂ ಪರಿಚಯವಾಗಿದೆ. ಕಮಲಾಪುರ, ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ಸ್ತ್ರೀಶಕ್ತಿ ಗುಂಪುಗಳು ಇದನ್ನು ಸಣ್ಣದಾಗಿ ಮಾಡಿ ನೋಡಬಹುದು. ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ತಂಪು ಪೆಟ್ಟಿಗೆ ಇಲ್ಲದೆ ಮಾರಬೇಡಿ. ಬಿಸಿಲಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಟ್ಟದ್ದನ್ನು ಯಾರಿಗೂ ಕೊಡಬೇಡಿ. ಫ್ರಿಜ್‌ನಲ್ಲಿಟ್ಟರೂ ಮರುದಿನದೊಳಗೆ ಮುಗಿಸಿ.

ಮಾರುಕಟ್ಟೆಯ ಮಾತು ಆಮೇಲೆ. ಮೊದಲ ಬಟ್ಟಲು ಮನೆಯವರಿಗೆ, ಅದರಲ್ಲೂ ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆ ಬಳಿದು ಉಣ್ಣುವ ತಾಯಿಗೆ. ಬರುವ ಭಾನುವಾರ ಒಂದು ಲೀಟರ್ ಎತ್ತಿಟ್ಟು ಮಾಡಿ ನೋಡಿ. ನಿಮ್ಮ ಸಂಘದ ಮಹಿಳಾ ಸದಸ್ಯರ ಮುಂದಿನ ಸಭೆಗೂ ಒಂದು ಪಾತ್ರೆ ತನ್ನಿ.